ದೊರೆಯ ಎರಡನೆಯ ಮೂಗು

ನಾಣ್ಯದ ಮೇಲಿನ ದೊರೆಗೆ ಎರಡು ಮೂಗಿರಬಹುದೆಂದು ಆದವಾನಿಯಲ್ಲಿ ಮೊದಲು ಪತ್ತೆ ಹಚ್ಚಿದವನು ನಾನು. ಅಷ್ಟು ಬಿಡುವಿದ್ದವರು ನಮ್ಮೂರಲ್ಲಿ ಬೇರೆ ಯಾರೂ ಇರಲಿಲ್ಲ. ಗಡಿಯಾರ ರಿಪೇರಿ ಮಾಡುವ ಮಾವನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತಂದಂದಿನಿಂದ, ಯಾರ ಕೈಯಲ್ಲಿ ನಾಣ್ಯ ಕಂಡರೂ ನನ್ನ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ. ಹೆಂಗಸರು ಇದನ್ನು ಬೇರೆ ಥರ ತಿಳಿದು ಬೈದದ್ದೂ ಉಂಟು.

ವಿದ್ಯೆ ಇಷ್ಟೇ. ನಮ್ಮೂರ ಹತ್ತಿ ಮೂಟೆಗಳ, ಅಂದರೆ ಅಂಡಿಗೆಗಳ ಮೇಲೆ ಸಾಹುಕಾರರ ಹೆಸರಿನ ಮುದ್ರೆ ಒತ್ತುತ್ತಾರಲ್ಲ, ಆ ಮುದ್ರೆಯನ್ನೇ ಎರಡೆರಡು ಸಲ ಕೆತ್ತಿದ್ದರೆ ಪ್ರತಿ ಅಂಡಿಗೆಯ ಮೇಲೂ ಸಾಹುಕಾರರು ಇಬ್ಬರಾಗುತ್ತಾರೆ. ಮುದ್ರೆ ಸವೆದಿದ್ದರೆ ಒಬ್ಬರೇ ಸಾಹುಕಾರರು ಊದಿಕೊಳ್ಳುತ್ತಾರೆ. ನಾಣ್ಯ ಒತ್ತುವ ಟಂಕಸಾಲೆಯ ಅಚ್ಚಿನ ಕಥೆಯೂ ಇದೇ: ಎರಡು ಸಲ ಕೆತ್ತಿದ್ದರೆ ದೊರೆಗೆ ಎರಡು ಮೂಗು. ನಿಜವಾದ ಜೋಡಿ ಅಚ್ಚಿನ ನಾಣ್ಯದಲ್ಲಿ ಅಕ್ಷರದ ಮೂಲೆ ಹಾವಿನ ನಾಲಿಗೆಯಂತೆ ಸೀಳಿರುತ್ತದೆ. ಸವೆದ ಅಚ್ಚಿನದರಲ್ಲಿ ಅಕ್ಷರಗಳು ಮದುವೆ ಊಟ ಮುಗಿಸಿದ ಬೀಗರಂತೆ ಬರೀ ದಪ್ಪ; ಸುತ್ತ ಒಂದಿಷ್ಟು ಮಸುಕು.

ಇಷ್ಟನ್ನು ಬೀದಿಗೆಲ್ಲ ಭಾಷಣ ಮಾಡಿದ್ದೇ ತಪ್ಪಾಯಿತು. ನಮ್ಮಜ್ಜಿಯ ಹತ್ತಿರ ಒಂದು ಬೆಳ್ಳಿ ರೂಪಾಯಿ ಇದೆ. ಅದರಲ್ಲಿ ಅಕ್ಷರಗಳು ಜೋಡಿಯಾಗಿವೆ, ಆದ್ದರಿಂದ ಅದು ಜೋಡಿ ಲಕ್ಷ್ಮಿ ಎಂದು ಶುಕ್ರವಾರ ಶುಕ್ರವಾರ ಪೂಜೆ. ಎದುರುಮನೆ ಗಂಗಮ್ಮ ಅದನ್ನು ನೋಡಿ, ಸವೆದ ಸರಕು ಎಂದುಬಿಟ್ಟಳು. ಅಜ್ಜಿ ಓಣಿಯ ಹೆಂಗಸರನ್ನೆಲ್ಲ ಕರೆದು, ನಡುವೆ ನನ್ನನ್ನು ಕೂರಿಸಿದಳು.

"ನೋಡಪಾ, ನನ್ನ ಮರ್ಯಾದಿ ನಿನ್ನ ಕೈಯಾಗೈತಿ."

"ಏಮಯ್ಯಾ ಪಂಡಿತುಲು," ಗಂಗಮ್ಮ ತೆಲುಗಿನಲ್ಲಿ ಕೆಣಕಿ ಕನ್ನಡಕ್ಕೆ ಹೊರಳಿದಳು, "ರಾಜಗ ಎಷ್ಟು ಮೂಗದಾವು, ಜಲ್ದಿ ಹೇಳು. ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ."

ಜಲ್ದಿ ಹೇಳಿದರೆ ಪಂಡಿತನೇ? ಬೆಳಕಿನತ್ತ ತಿರುಗಿಸಿದೆ, ಉಸಿರು ಊದಿ ಒರೆಸಿದೆ, ನೀರು ಕೇಳಿದೆ, ನೀರಿನ ಜೊತೆ ಬೆಲ್ಲ ಕೇಳಿದೆ. ಅಕ್ಷರಗಳು ಅಪ್ಪಟ ಬೀಗರು. ಒಂದು ಸೀಳೂ ಇಲ್ಲ. ಅಜ್ಜಿಯ ಮುಖ ನೋಡಿದೆ, ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಪಂಡಿತನೆಂಬ ಜಂಬ ಅದನ್ನು ನುಂಗಿಬಿಟ್ಟಿತು.

"ಜೋಡಿ ಅಲ್ಲಬೇ. ಅಚ್ಚು ಸವೆದೈತಿ."

ಗಂಗಮ್ಮ ಬೇಳೆ ಮರೆತು ನಕ್ಕಳು. ಅಜ್ಜಿ ಮಾತ್ರ ನಿಧಾನವಾಗಿ ಕೇಳಿದಳು: "ಹಂಗಂದ್ರ, ಅಚ್ಚು ಭಾಳ ದುಡಿದು ದುಡಿದು ಸವೆದೈತೇನು?"

"ಹೂಂ."

"ಮತ್ತ ನೀ ಕುಣಿದಾಡ್ತೀಯಲ್ಲ, ಆ ಜೋಡಿದು?"

"ಅದು ಹುಟ್ಟುವಾಗ್ಲೇ ತಪ್ಪಾಗಿದ್ದು."

"ಹಂಗಾರ ನನ್ನ ಲಕ್ಷ್ಮಿನ ಚಲೋ ಅದಾಳ ಬಿಡು. ಹುಟ್ಟುವಾಗ್ಲೇ ತಪ್ಪಾಗಿದ್ದು ಮನ್ಯಾಗ ನೀ ಒಬ್ಬಾವ ಇದ್ದೀಯಲ್ಲ, ಸಾಕು!"

ಈಗ ಗಂಗಮ್ಮನೂ ಅಜ್ಜಿಯೂ ಒಟ್ಟಿಗೇ ನಕ್ಕರು. ಅಜ್ಜಿ ರೂಪಾಯಿಗೆ ಕುಂಕುಮವಿಟ್ಟು, ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಒರೆಸಿದಳು.