ಉಳಿಸಿಕೊಳ್ಳುವ ನೋಟಿಫೈ

ನಮ್ಮ ಕಡೆ 'ನೋಟಿಫೈ' ಎಂಬುದು ಕನ್ನಡ ಪದ. ಸರ್ಕಾರದ ಸ್ವಾಧೀನಕ್ಕೆಂದು ಯಾರ ಜಮೀನು ನೋಟಿಫೈ ಆಯಿತೋ ಅವರ ಮನೆಗೆ, ಸಾವಾದ ಮನೆಗೆ ಹೋಗುವಂತೆ, ನಾಲ್ಕು ಜನ ಹೋಗಿ ಸುಮ್ಮನೆ ಕೂತು ಬರುತ್ತಾರೆ.

ಇದು ಗೊತ್ತಿದ್ದೂ ನಾನು ಗ್ರಾಮಸಭೆಯಲ್ಲಿ ಎದ್ದು ನಿಂತು, ಊರ ಗುಂಡುತೋಪನ್ನು ನೋಟಿಫೈ ಮಾಡಿಸೋಣ ಎಂದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಟೊಮೆಟೊ ಬಿಡಿಸಿ ಬಂದು ಬಸ್ಸು ಹತ್ತಿ ಓದಿದವಳು. ಗೆದ್ದು ಪಂಚಾಯಿತಿ ಸದಸ್ಯೆಯಾದ ಮೇಲೆ ಜೀವವೈವಿಧ್ಯ ಕಾಯ್ದೆಯನ್ನೂ ಓದಿದ್ದೆ. ಹಳೆಯ ಹುಣಸೆ ಮರಗಳಿರುವ ಇಂಥ ತೋಪನ್ನು ಪಾರಂಪರಿಕ ತಾಣ ಮಾಡಿ ಎಂದು ಪಂಚಾಯಿತಿ ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಪಕ್ಕದ ಲೇಔಟಿನವರು ಆಗಲೇ ಅದರ ಮಧ್ಯೆ ರಸ್ತೆ ಕೇಳುತ್ತಿದ್ದರು.

ಮೊದಲು ಎದ್ದವರು ನಮ್ಮ ದೊಡ್ಡಪ್ಪನೇ.

"ಏನವ್ವಾ, ನೀನೂ ನೋಟಿಫೈ ಮಾಡಾಕೆ ನಿಂತ್ಬಿಟ್ಯಾ? ಇದಕ್ಕಾ ನಿನ್ನ ಓದ್ಸಿದ್ದು?"

"ದೊಡ್ಡಪ್ಪ, ಇದು ಕಿತ್ಕೊಳ್ಳೋ ನೋಟಿಫೈ ಅಲ್ಲ, ಉಳಿಸ್ಕೊಳ್ಳೋ ನೋಟಿಫೈ."

"ಅವ್ರೂ ಮೊದ್ಲು ಹಿಂಗೇ ನಗನಗ್ತಾ ಹೇಳಿದ್ದು!" ಎಂದಿತು ಹಿಂದಿನ ಸಾಲು.

ನಾನು ನಗುತ್ತಿರಲಿಲ್ಲ. ಕಾಯ್ದೆಯನ್ನು ಎರಡು ಸಲ ವಿವರಿಸಿದೆ. ಎರಡನೇ ಸಲಕ್ಕೆ ವಿರೋಧ ಹೆಚ್ಚಾಯಿತು. ಪಿಡಿಒ ಗಡಿಯಾರ ನೋಡಿ, "ಮೇಡಂ, ಮುಂದಿನ ವಿಷಯಕ್ಕೆ ಹೋಗೋಣ್ವಾ?" ಎಂದರು. ಮುಂದಿನ ವಿಷಯ ಲೇಔಟಿನ ರಸ್ತೆ.

ಪುಸ್ತಕದ ಮಾತು ಬಿಟ್ಟೆ. "ಮರ ಕಡಿಯಂಗಿಲ್ಲ, ರೋಡ್ ಮಾಡಂಗಿಲ್ಲ. ನಮ್ಮ ದನ ಈಗ ಹೆಂಗೆ ಮೇಯ್ತವೋ ಹಂಗೇ ಮೇಯ್ಬೇಕು ಅಂತ ನಾವೇ ಬರೆಸೋಣ. ಇದಕ್ಕೆ ನೀವೇನಂತೀರೋ ಹೇಳಿ."

ದೊಡ್ಡಪ್ಪ ಯೋಚಿಸಿದರು. "ದೇವ್ರಿಗೆ ಬಸವನ್ನ ಬಿಡ್ತೀವಲ್ಲ, ಆಮೇಲೆ ಅದ್ಕೆ ಯಾರೂ ಮೂಗುದಾರ ಹಾಕಲ್ಲ. ಹಂಗಾ?"

"ಹಂಗೇ."

"ಹಂಗನ್ನು ಮತ್ತೆ. ಬಿಟ್ಟಿದ್ದು ಅನ್ನು. ನೋಟಿಫೈ ಅಂತಾಳೆ!"

ಪಿಡಿಒ ಆಕ್ಷೇಪಿಸಿದರು: ಬಸವನ ಲೆಕ್ಕದಲ್ಲಿ ನಿರ್ಣಯ ಬರೆಯಲು ಬರುವುದಿಲ್ಲ. ಕೊನೆಗೆ 'ತೋಪನ್ನು ಊರಿಗೆ ಬಿಟ್ಟದ್ದಾಗಿ ಭಾವಿಸಿ, ಪಾರಂಪರಿಕ ತಾಣವೆಂದು ಘೋಷಿಸಲು ಶಿಫಾರಸು' ಎಂದು ಬರೆಸಿದೆವು. ನಾನು ಪೂರ್ತಿ ಓದಿ ಹೇಳಿದೆ. ಕೈಗಳು ಎದ್ದವು.

ದೊಡ್ಡಪ್ಪ ಕೈ ಎತ್ತಿಕೊಂಡೇ ಕೇಳಿದರು: "ತೋಪಿನ ಪಕ್ಕದಾಗೇ ನನ್ನ ರಾಗಿ ಹೊಲ. ಅದ್ನೂ ಯಾರೂ ಕಿತ್ಕೊಳ್ದಂಗೆ ಹಿಂಗೇ ಬಿಟ್ಬಿಡಕಾಯ್ತದಾ?"

"ಪಂಚಾಯ್ತಿಗೆ ಅಷ್ಟು ಅಧಿಕಾರ ಇಲ್ಲ, ದೊಡ್ಡಪ್ಪ."

ಅವರು ಕೈ ಇಳಿಸಲಿಲ್ಲ. ಪಿಡಿಒ ಆ ಕೈಯನ್ನೂ ತೋಪಿನ ಲೆಕ್ಕಕ್ಕೇ ಬರೆದುಕೊಂಡರು.