ಟ್ರೌಟ್‌ಮನ್ ಅಮ್ಮ ಬ್ಯಾಂಡ್ ಸೇರಿದ್ದು

ಗೆರ್ಲಿಂಡ ಟ್ರೌಟ್‌ಮನ್ ಜರ್ಮನಿಯ ಓಡನ್‌ವಾಲ್ಡ್ ಬೆಟ್ಟಸೀಮೆಯ ಒಂದು ಹಳ್ಳಿಯ ಚರ್ಚಿನಲ್ಲಿ ಮೂವತ್ತು ವರ್ಷ ಆರ್ಗನ್ ನುಡಿಸಿದವರು. ಗಂಡ ಯುದ್ಧದಿಂದ ಮರಳಿರಲಿಲ್ಲ. ಮನೆಯಲ್ಲಿ ಅವರು, ಹನ್ನೊಂದು ಕೋಳಿ, ಅಷ್ಟೆ. 1971ರಲ್ಲಿ ನಾವು ನಾಲ್ವರು ಉದ್ದಕೂದಲಿನ ಹುಡುಗರು ಅವರ ಪಕ್ಕದ ಹಳೆಯ ಹಾಲಿನ ಡೇರಿಯನ್ನು ಬಾಡಿಗೆಗೆ ಹಿಡಿದು ‘ಮೋಂಡ್‌ಕುಚ್ಚೆ’, ಅಂದರೆ ಚಂದ್ರನ ಗಾಡಿ, ಎಂಬ ರಾಕ್ ಬ್ಯಾಂಡ್ ಕಟ್ಟಿದೆವು. ನಾನು ಡ್ರಮ್ಸ್ ಬಾರಿಸುತ್ತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಟ್ರೌಟ್‌ಮನ್ ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ಬಡಿದರು.

“ಏನ್ರೋ, ನಿಮ್ಮ ಗಲಾಟೆಗೆ ನನ್ನ ಕೋಳಿಗಳು ಮೊಟ್ಟೆ ಇಡೋದೇ ಬಿಟ್ಟಿವೆ!”

“ಇನ್ಮೇಲೆ ಗಲಾಟೆ ಇರಲ್ಲ ಬಿಡಿ ಅಮ್ಮ,” ಎಂದ ಗಿಟಾರಿನ ವೋಲ್ಕರ್. “ಆರ್ಗನ್ ನುಡಿಸೋನು ಜಗಳ ಆಡ್ಕೊಂಡು ಹೋಗ್ಬಿಟ್ಟ. ಮುಂದಿನ ವಾರ ರೆಕಾರ್ಡಿಂಗು. ನಮ್ಮ ಕತೆ ಮುಗೀತು.”

“ಹೋಗಿದ್ದೇ ಒಳ್ಳೇದಾಯ್ತು. ದಿನಾ ಅದೇ ಜಾಗದಲ್ಲಿ ತಪ್ಪು ನುಡಿಸ್ತಿದ್ದ. ಸರಿಯೋ ಅತ್ಲಾಗೆ!”

ಕೈ ಒರೆಸಿಕೊಂಡು ಬ್ಯಾಂಡಿನ ಆರ್ಗನ್ ಮುಂದೆ ಕುಳಿತವರು ನಮ್ಮ ಇಡೀ ಹಾಡನ್ನು ನುಡಿಸಿಬಿಟ್ಟರು. ಗೋಡೆಯಾಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಕೊನೆ ಬಂದರೂ ನಿಲ್ಲಿಸಲಿಲ್ಲ. ನಾವು ಎದ್ದುಬಿದ್ದು ಹಿಂಬಾಲಿಸಿದೆವು. ಹನ್ನೆರಡು ನಿಮಿಷದ ಹಾಡು ಇಪ್ಪತ್ತೆರಡು ನಿಮಿಷವಾಯಿತು.

“ನಿಲ್ಸೋದು ಯಾವಾಗ ಅಮ್ಮ?” ಎಂದು ಕೂಗಿದೆ.

“ಚರ್ಚಲ್ಲಾದ್ರೆ ಪಾದ್ರಿ ಕೆಮ್ಮುತ್ತಾರೆ, ನಿಲ್ಲಿಸ್ತೀನಿ. ಇಲ್ಲಿ ಕೆಮ್ಮೋರು ಯಾರೂ ಇಲ್ವಲ್ಲ!”

ಆ ಹಾಡು ನಮ್ಮ ಮೊದಲ ರೆಕಾರ್ಡಿನ ಒಂದು ಬದಿಯನ್ನು ಪೂರ್ತಿ ತುಂಬಿತು. ಮುಂದಿನ ಏಳು ವರ್ಷದಲ್ಲಿ ಐದು ರೆಕಾರ್ಡು ಬಂದವು. ಬ್ಯಾಂಡ್ ಸೇರಲು ಅಮ್ಮನದು ಒಂದೇ ಷರತ್ತು: ಭಾನುವಾರ ಬೆಳಗಿನ ಪ್ರಾರ್ಥನೆಗೆ ತಾನು ಊರಲ್ಲಿರಬೇಕು. ಚರ್ಚಿನ ಆರ್ಗನ್‌ನವಳು ರಾಕ್ ನುಡಿಸುವುದೇ ಎಂಬ ಹಳ್ಳಿಯವರ ಗೊಣಗಾಟ ತಾಳಲಾರದೆ ಪಾದ್ರಿಗಳೇ ಒಮ್ಮೆ ಮಾನ್‌ಹೈಮ್ ನಗರದ ನಮ್ಮ ಕಾರ್ಯಕ್ರಮಕ್ಕೆ ಬಂದು ಕೊನೆಯ ಸಾಲಿನಲ್ಲಿ ಕುಳಿತರು.

“ಗೆರ್ಲಿಂಡ, ನನ್ನ ಪ್ರಾರ್ಥನೇಲಿ ಇಷ್ಟು ಜನ ಕಣ್ಮುಚ್ಚಿ ಕೂತದ್ದು ನಾನು ಕಂಡಿಲ್ಲ,” ಎಂದರು.

“ಅವರು ಸೇದಿದ್ದೇ ಬೇರೆ, ಪಾದ್ರಿಗಳೇ.”

ಪಾದ್ರಿಗಳು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ. ಗೊಣಗಾಟವೂ ನಿಂತಿತು.

ಹಾಲೆಂಡಿನ ಪ್ರವಾಸದಲ್ಲಿ ಅಮ್ಮ ಮೊದಲ ಸಲ ಸಮುದ್ರ ಕಂಡರು. ಬೂಟು ಕಳಚಿ, ಕಾಲುಚೀಲದಲ್ಲೇ ನೀರಿಗಿಳಿದು, ಅಲೆ ಬಂದಾಗಲೆಲ್ಲ ಕಿರುಚಿದರು.

1978ರಲ್ಲಿ ಬ್ಯಾಂಡ್ ಒಡೆಯಿತು. ವೋಲ್ಕರ್‌ಗೆ ಶಾಲೆಯ ಮೇಷ್ಟ್ರ ಕೆಲಸ ಸಿಕ್ಕಿತ್ತು. ಡೇರಿಯಲ್ಲಿ ಮುಖ ಇಳಿಬಿಟ್ಟು ಕುಳಿತ ನಮ್ಮ ಮುಂದೆ ಅಮ್ಮ ಪ್ಲಮ್ ಕೇಕಿನ ತಟ್ಟೆ ಕುಕ್ಕಿದರು.

“ಅಳು ಸಾಕು. ನನಗೆ ಶುರುವಾಗಿದ್ದೇ ಐವತ್ತೆರಡಕ್ಕೆ. ನಿಮಗಿನ್ನೂ ಮೂವತ್ತಾಗಿಲ್ಲ. ತಿಂದು ಆ ಆರ್ಗನ್ ನನ್ನ ಮನೆಗೆ ಸಾಗ್ಸಿ.”

ಅದು ಬಾಗಿಲಲ್ಲಿ ಹಿಡಿಯಲಿಲ್ಲ. ಕಿಟಕಿಯ ಚೌಕಟ್ಟನ್ನೇ ಕಿತ್ತು ಒಳಗೆ ತಳ್ಳಿದೆವು. ಆ ಸಂಜೆ ತೆರೆದ ಗೋಡೆಯಿಂದ ಸಂಗೀತ ಬೀದಿಗೆ ಹರಿಯಿತು, ಅರ್ಧ ಊರು ಬಿಯರ್ ಬಾಟಲಿ ಹಿಡಿದು ಅಲ್ಲೇ ನಿಂತು ಕೇಳಿತು.