ಒರಳುಗುಂಡು ಹೊತ್ತ ಗಾಡಿ

ಐದನೇ ತಿಂಗಳ ಸ್ಕ್ಯಾನಿಂಗ್ ಮುಗಿಸಿಕೊಂಡು ಹೊಸಕೋಟೆಯಿಂದ ಬಸ್ಸಿನಲ್ಲಿ ಊರಿಗೆ ಬರುವಾಗ, ಮಗುವಿಗೆ ಒಂದು ಸ್ಟ್ರೋಲರ್ ತಗೋಬೇಕು ಅಂತ ಗಂಡನಿಗೆ ಹೇಳಿದೆ. ಅದು ಏನು ಅಂತ ಅವನಿಗೆ ಗೊತ್ತಿತ್ತು. ಹೈವೇ ಪಕ್ಕದ ಗೋಡೌನಿನಲ್ಲಿ ಅವನ ಕೆಲಸ, ಅಂಥವು ದಿನಾ ಡಬ್ಬದಲ್ಲಿ ಬಂದು ಡಬ್ಬದಲ್ಲೇ ಹೋಗುತ್ತವೆ. ಆದರೂ ಕಿಟಕಿಯ ಕಡೆ ಮುಖ ಮಾಡಿಕೊಂಡು, ನಮ್ಮೂರಲ್ಲಿ ಅದನ್ನು ಎಲ್ಲಿ ಅಂತ ತಳ್ಳುತ್ತೀಯ ಅಂದ. ಮನೆಗೆ ಬಂದು ಅತ್ತೆಗೆ ಬಿಡಿಸಿ ಹೇಳಿದೆ, ಮಗುವನ್ನು ಕೂರಿಸಿಕೊಂಡು ತಳ್ಳುವ ನಾಲ್ಕು ಚಕ್ರದ ಗಾಡಿ ಅಂತ. ಅತ್ತೆ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಸೊಪ್ಪು ಮಾರುವವರು ತಳ್ಳಿಕೊಂಡು ಬರುತ್ತಾರಲ್ಲ ಅಂಥದ್ದಾ ಅಂತ ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ಸೊಪ್ಪಿಗೆ ಕೈಹಾಕಿದರು.

ಇಬ್ಬರಿಗೂ ನನಗೆ ಪಟ್ಟಣದ ಗಾಳಿ ಬಡಿದಿದೆ ಅಂತಲೇ ಅನುಮಾನ. ಬಡಿಯಲಿಕ್ಕೆ ನಾನೇನು ಪಾರ್ಕಿನಲ್ಲಿ ನಾಯಿ ಹಿಡಿದುಕೊಂಡು ಓಡಾಡುತ್ತಿದ್ದೆನಾ? ನನ್ನ ಎಡಗಾಲು ಬಲಗಾಲಿಗಿಂತ ಗಿಡ್ಡ. ಚಿಕ್ಕಂದಿನಲ್ಲಿ ಟ್ರಾಕ್ಟರಿನ ಟ್ರೇಲರಿನಿಂದ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಹೋದರೆ ಸುಮ್ಮನೆ ಕೊಯ್ಯುತ್ತಾರೆ, ಮೂಳೆ ಕಟ್ಟುವವನು ಇದ್ದಾನಲ್ಲ ಅಂತ ಊರಿನ ಬುದ್ಧಿವಂತರೆಲ್ಲ ಸೇರಿ ತೀರ್ಮಾನ ಮಾಡಿದರು. ಅವರ ಬುದ್ಧಿವಂತಿಕೆಯನ್ನು ನಾನು ಇವತ್ತಿಗೂ ಹೊತ್ತು ತಿರುಗುತ್ತಿದ್ದೇನೆ. ಪ್ರತಿ ಹೆಜ್ಜೆಗೂ ಎಡಕ್ಕೆ ವಾಲುತ್ತೇನೆ, ಎಡಗೈಯನ್ನು ತೊಡೆಗೆ ಊರಿಕೊಂಡೇ ನಡೆಯುತ್ತೇನೆ. ಹಾಗೆ ನಡೆದೇ ಬಿ.ಕಾಂ. ಮುಗಿಸಿದೆ, ಹಾಗೆ ನಡೆದೇ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಆದರೆ ಒಂದು ಕೈ ತೊಡೆಗೆ ಬೇಕು ಅಂದಮೇಲೆ ಮಗುವಿಗೆ ಉಳಿಯುವುದು ಒಂದೇ ಕೈ. ಕೂತರೆ ಮಗುವನ್ನು ಎತ್ತಿಕೊಳ್ಳಬಲ್ಲೆ, ಎತ್ತಿಕೊಂಡು ನಡೆಯಲಾರೆ. ನನ್ನ ಮಗುವನ್ನು ನಾನೇ, ಯಾರನ್ನೂ ಕರೆಯದೆ, ಹೊಸ್ತಿಲು ದಾಟಿಸಿ ಹೊರಗೆ ಕರೆದುಕೊಂಡು ಹೋಗಬೇಕು. ಗಾಡಿ ಬೇಕಾಗಿದ್ದದ್ದು ಅದಕ್ಕೆ.

ಇದನ್ನು ಹೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ನಾವೆಲ್ಲ ಇದೀವಲ್ಲ. ಅತ್ತೆ ಅಂದರು, ಪಕ್ಕದ ಮನೆಯವರು ಅಂದರು, ಫೋನಿನಲ್ಲಿ ನನ್ನ ಹೆತ್ತ ತಾಯಿಯೂ ಅಂದಳು. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮದುವೆಮನೆಯಲ್ಲಿ ಕೈಯಲ್ಲಿರುವ ತಟ್ಟೆ ಕಿತ್ತುಕೊಂಡು, ನೀನು ಕೂತ್ಕೋ, ನಾವೆಲ್ಲ ಇದೀವಲ್ಲ ಅನ್ನುತ್ತಾರೆ. ಆಮೇಲೆ ಆರತಿಗೆ ಕರೆಯುವಾಗ ನಾನು ಎಲ್ಲಿ ಕೂತಿದ್ದೇನೆ ಅನ್ನುವುದು ಒಬ್ಬರಿಗೂ ನೆನಪಿರುವುದಿಲ್ಲ. ಮಗು ಹುಟ್ಟಿದ ಮೇಲೂ ಇದೇ ಕತೆ ಅಂತ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಸುವಿನ ಕೆಚ್ಚಲಿಗೆ ಕರು ಬಿಟ್ಟು ಎಳೆದುಕೊಂಡ ಹಾಗೆ, ಹಾಲಿನ ಹೊತ್ತಿಗೆ ತಂದು ಮಡಿಲಿಗೆ ಹಾಕುತ್ತಾರೆ, ಕುಡಿದಾದ ಮೇಲೆ ಎತ್ತಿಕೊಂಡು ಬೀದಿಗೆ ಹೋಗುತ್ತಾರೆ. ಮಗು ಬೀದಿ ನೋಡುವುದು ಅಜ್ಜಿಯ ಸೊಂಟದಿಂದ, ಹೊಲ ನೋಡುವುದು ಅಪ್ಪನ ಹೆಗಲಿನಿಂದ. ಅಮ್ಮ ಅಂದರೆ ಒಳಗೆ ಕೂತಿರುವ ಒಂದು ಹೆಂಗಸು.

ನಾನು ಹಟ ಹಿಡಿದಾಗ ಅತ್ತೆ ಶಾಸ್ತ್ರ ತೆಗೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು. ಮಗು ಮಲಗುವ ವಸ್ತು ಏನೇ ಇದ್ದರೂ ತವರುಮನೆಯಿಂದ ಬರಬೇಕು, ಅದೂ ಹೆರಿಗೆಯಾದ ಮೇಲೆ. ಅವರ ಲೆಕ್ಕದಲ್ಲಿ ಗಾಡಿಯೂ ಒಂದು ತೊಟ್ಟಿಲು, ಚಕ್ರ ಇದ್ದ ಮಾತ್ರಕ್ಕೆ ಬೇರೆಯಾಗುವುದಿಲ್ಲ. ನನಗೋ ಕಾಯುವ ಹಾಗಿರಲಿಲ್ಲ. ಏಳನೇ ತಿಂಗಳಲ್ಲಿ ಸೀಮಂತ ಮಾಡಿ ತವರಿಗೆ ಕಳಿಸಿಬಿಡುತ್ತಾರೆ, ಅಲ್ಲಿಂದಾಚೆಗೆ ಹೊರಗೆ ಕಾಲಿಡಲಿಕ್ಕೂ ಬಿಡುವುದಿಲ್ಲ. ಆಗ ಗಂಡ ಬಣ್ಣ ಚೆನ್ನಾಗಿದೆ ಅಂತ ಯಾವುದೋ ಒಂದನ್ನು ತಂದು ನಿಲ್ಲಿಸುತ್ತಾನೆ. ಹಿಡಿಯ ಮೇಲೆ ನನ್ನ ಭಾರ ಬಿಟ್ಟು ನೋಡದೆ ಗಾಡಿ ತಂದರೆ ನನಗೆ ಅದು ಮೂಲೆಯಲ್ಲಿ ನಿಂತ ಕಬ್ಬಿಣ, ಅಷ್ಟೇ.

ಕೊನೆಗೆ ಒಂದು ಬೆಳಗ್ಗೆ ಅತ್ತೆಗೆ ಹೇಳಿದೆ, ತೊಟ್ಟಿಲು ಮನೆಯೊಳಗೆ ತೂಗುವುದು, ಇದು ರೋಡಿನ ಮೇಲೆ ಓಡುವುದು, ಓಡುವುದು ಗಾಡಿ, ಗಾಡಿ ಕೊಳ್ಳುವುದಕ್ಕೆ ಯಾವ ಶಾಸ್ತ್ರ ಅಡ್ಡ ಬರುತ್ತದೆ ಅಂತ. ಅಳಿಯ ಅಲ್ಲ ಮಗಳ ಗಂಡ ಅನ್ನುವ ಜಾತಿಯ ವಾದ ಅದು, ನನಗೇ ನಾಚಿಕೆಯಾಗುವಂಥದ್ದು. ಆದರೆ ನಮ್ಮ ಕಡೆಯ ಜನಕ್ಕೆ ಗಾಡಿ ಅಂದರೆ ಬೇರೆಯೇ ಮರ್ಯಾದೆ. ಅತ್ತೆ ಮೂರು ದಿನ ಯೋಚನೆ ಮಾಡಿ ತೀರ್ಪು ಕೊಟ್ಟರು. "ಗಾಡಿ ಅಂದ್ಮೇಲೆ ಪೂಜೆ ಮಾಡಿಸ್ಬೇಕು ಕಣಮ್ಮ. ಪೂಜೆ ಇಲ್ದೆ ರೋಡಿಗಿಳಿಸೋ ಹಂಗಿಲ್ಲ." ನಾನು ಕೈಮುಗಿದು ಒಪ್ಪಿಕೊಂಡೆ.

ಅಂಗಡಿ ಇದ್ದದ್ದು ಬೆಂಗಳೂರಿನ ಒಂದು ಮಾಲಿನಲ್ಲಿ. ಅಲ್ಲಿದ್ದ ಸೇಲ್ಸ್‌ಮನ್ ನನ್ನನ್ನು ನೋಡಿದ ಕೂಡಲೇ ಒಂದು ಸ್ಟೂಲ್ ಎಳೆದು, ಮೇಡಂ ಕೂತ್ಕೊಳ್ಳಲಿ ಅಂತ ಗಂಡನಿಗೆ ಹೇಳಿದ. ಆಮೇಲೆ ಎಲ್ಲ ವಿವರಣೆಯೂ ಗಂಡನಿಗೇ. ಬಸಿರು ಅವನದೇ ಇರಬೇಕು! ಒಂದೇ ಕೈಯಲ್ಲಿ ಮಡಚಬಹುದಂತೆ, ಕಾಫಿ ಇಟ್ಟುಕೊಳ್ಳಲಿಕ್ಕೆ ಜಾಗ ಇದೆಯಂತೆ, ವಿಮಾನದ ಒಳಗೂ ಹಿಡಿಯುತ್ತದಂತೆ. ವಿಮಾನಗಳು ದಿನಾ ನಮ್ಮ ಹೊಲದ ಮೇಲೆ ಹಾರುತ್ತವೆ, ಅದರೊಳಗೆ ಕೂರುವ ಯೋಗ ನಮ್ಮ ಹಸುಗಳಿಗೂ ಇಲ್ಲ, ನಮಗೂ ಇಲ್ಲ. ಗಂಡನೋ ಒಂದು ಗಾಡಿಯನ್ನು ತಲೆಕೆಳಗು ಮಾಡಿಕೊಂಡು ಚಕ್ರ ತಿರುಗಿಸುತ್ತಾ, ಸಸ್ಪೆನ್ಷನ್ ಚೆನ್ನಾಗಿದೆ ಅಂತ ತಲೆದೂಗುತ್ತಿದ್ದ. ನನ್ನ ಸ್ಕ್ಯಾನಿಂಗ್ ರಿಪೋರ್ಟನ್ನು ಅವನು ಅಷ್ಟು ಶ್ರದ್ಧೆಯಿಂದ ನೋಡಿದ್ದು ನನಗೆ ನೆನಪಿಲ್ಲ.

ನಾನು ಎದ್ದು ಹೋಗಿ, ಅವರಿಬ್ಬರೂ ಮೆಚ್ಚಿದ ಗಾಡಿಯ ಹಿಡಿಯ ಮೇಲೆ ಭಾರ ಬಿಟ್ಟೆ. ಮುಂದಿನ ಚಕ್ರ ಮೇಲೆದ್ದು ಗಾಡಿ ಹಿಂದಕ್ಕೆ ಮಗುಚಿಕೊಂಡಿತು. ಸೇಲ್ಸ್‌ಮನ್ ಓಡಿ ಬಂದು ಹಿಡಿದ. ನನ್ನ ಕಾಲು ನೋಡಿದ. ಆಗ ಮೊದಲ ಸಲ ನನ್ನ ಜೊತೆ ಮಾತಾಡಿದ.

"ಮೇಡಂ, ಇದು ಸಪೋರ್ಟಿಗೆ ಹಿಡ್ಕೊಳ್ಳೋದಲ್ಲ, ಮಗುಗೆ. ನಿಮಗೆ ಬೇಕಿದ್ರೆ ಮೆಡಿಕಲ್ ಶಾಪಲ್ಲಿ ವಾಕರ್ ಸಿಗತ್ತೆ."

ಗಂಡ ಅಲ್ಲೇ ತೂಗುಹಾಕಿದ್ದ ಗಿಲಕಿಗಳನ್ನು ಪರೀಕ್ಷೆ ಮಾಡತೊಡಗಿದ. ಇಂಥ ಹೊತ್ತಿನಲ್ಲಿ ಅವನಿಗೆ ಎಲ್ಲಿಲ್ಲದ ಕೆಲಸ ಬರುತ್ತದೆ. ಆ ಹುಡುಗನ ಕೆನ್ನೆಗೊಂದು ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ಅಂಗಡಿಯಲ್ಲಿರುವ ಗಾಡಿಗಳನ್ನೆಲ್ಲ ಕೆಳಗಿಳಿಸಿ, ಒಂದೊಂದನ್ನೂ ನೋಡಬೇಕು ಅಂದೆ. ಮಡಚಿಟ್ಟವನ್ನು ಬಿಡಿಸಿದ, ಗಾಜಿನ ಕಪಾಟಿನ ಮೇಲಿದ್ದವನ್ನು ಏಣಿ ಹಾಕಿ ಇಳಿಸಿದ. ನಾನು ಒಂದೊಂದರ ಮೇಲೂ ಭಾರ ಬಿಟ್ಟೆ, ಒಂದೊಂದೂ ಮಗುಚಿತು. ಅವನ ಬೆವರು ನೋಡಿ ನನ್ನ ಮನಸ್ಸಿಗೆ ಸ್ವಲ್ಪ ತಂಪಾಯಿತು. ಕೊನೆಗೆ ಮೂಲೆಯಲ್ಲಿ ಕಂದುಬಣ್ಣದ್ದು ಒಂದು ಉಳಿದಿತ್ತು, ಹಿಂದಿನ ಚಕ್ರ ದೊಡ್ಡವು, ನೇರ ಹಿಡಿಯ ಕೆಳಗೇ ಕೂತಿದ್ದವು, ಹಿಡಿಯೂ ಒಂದೇ ಉದ್ದನೆಯ ಕಂಬಿ. ಅದರ ಮೇಲೆ ಮೈ ಬಿಟ್ಟರೂ ಅಲುಗಲಿಲ್ಲ. ಒಂದು ಸುತ್ತು ನಡೆದೆ. ಎಡಗೈ ತೊಡೆಗೆ ಹೋಗಲಿಲ್ಲ, ಕಂಬಿಯ ಮೇಲೇ ಇತ್ತು. ಹಾಗೆ ಎರಡೂ ಕೈ ಮುಂದಿಟ್ಟುಕೊಂಡು ನಾನು ನಡೆದದ್ದು ಟ್ರೇಲರಿನಿಂದ ಬಿದ್ದ ಮೇಲೆ ಅದೇ ಮೊದಲು. ಕಣ್ಣು ತುಂಬಿ ಬಂತು, ಅದಕ್ಕೂ ನನಗೆ ಸಿಟ್ಟೇ ಬಂತು. ಅದು ಹಳೇ ಮಾಡೆಲ್ ಮೇಡಂ, ಭಾರ, ಯಾರೂ ತಗೊಳ್ಳಲ್ಲ ಅಂದ ಹುಡುಗ. ಸರಿ, ಪ್ಯಾಕ್ ಮಾಡಿ ಅಂದೆ.

ಆ ಶುಕ್ರವಾರ ಮುನೇಶ್ವರನ ಗುಡಿಯಲ್ಲಿ ಪೂಜೆ. ನಮ್ಮ ಕಡೆ ಟ್ರಾಕ್ಟರು, ಟೆಂಪೊ, ಜೆಸಿಬಿ ಎಲ್ಲಕ್ಕೂ ಅಲ್ಲೇ ನಿಂಬೆಹಣ್ಣು. ಅತ್ತೆ ಒಂದು ಹಳೇ ಸೀರೆಯಲ್ಲಿ ಸುತ್ತಿದ ಒರಳುಗುಂಡನ್ನು ಗಂಡನ ಕೈಯಲ್ಲಿ ಹೊರಿಸಿಕೊಂಡು ಬಂದರು. ಗಾಡಿ ಅಂತ ಒಪ್ಪಿಕೊಂಡಿದ್ದರೂ ಒಳಗೆ ಅವರಿಗೆ ಅದು ತೊಟ್ಟಿಲೇ. ಖಾಲಿ ತೊಟ್ಟಿಲು ತೂಗಬಾರದು, ನಾಮಕರಣದ ದಿನ ಮಗುವಿಗಿಂತ ಮೊದಲು ಗುಂಡುಕಲ್ಲನ್ನೇ ತೊಟ್ಟಿಲಿಗೆ ಹಾಕುವುದು, ಅದೇ ಶಾಸ್ತ್ರ ಇದಕ್ಕೂ ಅಂದರು. ಕಲ್ಲನ್ನು ಕೂರಿಸಿ ಬೆಲ್ಟು ಕಟ್ಟಿದರು. ಪೂಜಾರಿ ಹಾರ ಹಾಕಿ, ಅರಿಸಿನ ಕುಂಕುಮ ಇಟ್ಟು, ಗಾಡಿ ಯಾರ ಹೆಸರಲ್ಲಿದೆ ಅಂತ ಕೇಳಿದ. ಅತ್ತೆ ಮಗನ ಹೆಸರು ಹೇಳಲಿಕ್ಕೆ ಬಾಯಿ ತೆಗೆದರು. ನನ್ನ ಹೆಸರಲ್ಲಿ ಅಂತ ನಾನು ಮುಂಚೆಯೇ ಹೇಳಿಬಿಟ್ಟೆ.

ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಗಂಡ ತಳ್ಳಿದ. ಟ್ರಾಕ್ಟರಿಗೆ ಚಟ್ಟನೆ ಒಡೆಯುವ ಹಣ್ಣು ಒಡೆಯಲಿಲ್ಲ, ಗಾಡಿ ಹಣ್ಣಿನ ಮೇಲೆ ಹತ್ತಿ ನಿಂತುಕೊಂಡಿತು. ಅತ್ತೆಯ ಮುಖ ಕಪ್ಪಿಟ್ಟಿತು, ನಿಂಬೆಹಣ್ಣು ಒಡೆಯದಿದ್ದರೆ ಒಳ್ಳೆಯದಲ್ಲವಂತೆ. ಗಂಡನನ್ನು ಸರಿಸಿ ನಾನು ಹಿಡಿ ಹಿಡಿದೆ. ಬಸುರಿಯ ಭಾರವನ್ನೆಲ್ಲ ಕಂಬಿಗೆ ಬಿಟ್ಟೆ. ಹಿಂದಿನವೆರಡೂ ಪಚಕ್ ಅಂದವು. ಮುಂದಿನವೆರಡನ್ನು ಪೂಜಾರಿ ಹಿಮ್ಮಡಿಯಲ್ಲಿ ತುಳಿದು, ಆಯ್ತು ಹೋಗಿಬನ್ನಿ ಅಂದ.

ಗುಡಿಯಿಂದ ಮನೆಯವರೆಗೂ ನಾನೇ ತಳ್ಳುತ್ತೇನೆ ಅಂದೆ. ಸರ್ಕಾರದ ಯಾವುದೋ ಪ್ರಾಜೆಕ್ಟಿಗೆ ಊರಿನ ಜಮೀನು ಹೋಗುತ್ತದೆ ಅನ್ನುವ ಮಾತು ಎದ್ದಾಗಿನಿಂದ ನಮ್ಮ ಬೀದಿಗೆ ಯಾರೂ ಒಂದು ಬಾಂಡ್ಲಿ ಸಿಮೆಂಟು ಹಾಕಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆದರೆ ನಮ್ಮ ಬೀದಿಯ ನೆಲ ನಿಜವಾಗಿಯೂ ಡೊಂಕು. ಅತ್ತೆ ಪಕ್ಕದಲ್ಲೇ, ಗಾಡಿಯ ಮೇಲೆ ಕೈ ಚಾಚಿಕೊಂಡೇ ಬರುತ್ತಿದ್ದರು. ಮೋರಿಯ ಮೇಲೆ ಹಾಸಿದ್ದ ಚಪ್ಪಡಿಯ ಸಂದಿಗೆ ಮುಂದಿನ ಚಕ್ರ ಸಿಕ್ಕಿಕೊಂಡಿತು. ನನ್ನ ಎಡಗಾಲು ಮಡಚಿತು. ಗಾಡಿ ವಾಲಿತು. ಅತ್ತೆ ಹಾರಿ ಬಂದು ಹಿಡಿದರು. ಹಿಡಿದದ್ದು ಆರು ತಿಂಗಳ ಬಸುರಿಯನ್ನಲ್ಲ, ಒರಳುಗುಂಡನ್ನು.

ಅವರು ಕಲ್ಲನ್ನು ಅವಚಿಕೊಂಡಿದ್ದರು.

"ನೀನ್ ತಪ್ಪು ತಿಳ್ಕಬೇಡ," ಅಂದರು. "ಇದು ಕಲ್ಲು, ಬಿದ್ರೂ ಅಳಲ್ಲ. ಮಗು ಆಗಿದ್ರೆ? ಅದ್ಕೇ ಕಣಮ್ಮ ನಾವು ಎತ್ಕೊತೀವಿ ಅನ್ನೋದು."

ಅಂತೂ ಬಾಯಿಂದ ಬಂತು. ಇಷ್ಟು ದಿನದ ನಾವೆಲ್ಲ ಇದೀವಲ್ಲ ಅನ್ನುವುದರ ಒಳಗಿದ್ದದ್ದು ಇದೇ, ನೀನು ಬೀಳಿಸುತ್ತೀಯ. ರಾತ್ರಿಯೆಲ್ಲ ನನ್ನನ್ನು ಎಬ್ಬಿಸುತ್ತಿದ್ದ ಭಯವೂ ಅದೇ ಆಗಿತ್ತು, ಅದನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಸಹಿಸಲಾಗಲಿಲ್ಲ.

"ಅತ್ತೆ, ನನ್ನ ಕೈ ನೋಡಿ," ಅಂದೆ. "ಕಾಲು ಮಡಚ್ತು. ಕೈ ಬಿಟ್ಟಿದೀನಾ?"

ಎರಡೂ ಕೈ ಕಂಬಿಯ ಮೇಲೇ ಇದ್ದವು, ಬೆರಳಿನ ಗಿಣ್ಣುಗಳು ಬೆಳ್ಳಗಾಗಿದ್ದವು. ನಾನು ಬಿದ್ದಿರಲಿಲ್ಲ, ಗಾಡಿಯೂ ಬಿದ್ದಿರಲಿಲ್ಲ. ಅತ್ತೆ ನೋಡಿದರು. ಕಲ್ಲನ್ನು ಗಾಡಿಯಲ್ಲಿ ನೆಟ್ಟಗೆ ಕೂರಿಸಿ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ನಡೆದರು. ಅವರಿಂದ ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದೂ ಇಲ್ಲ, ಅವರು ಕೊಡುವುದೂ ಇಲ್ಲ.

ಅಲ್ಲಿಂದ ಸೀಮಂತದವರೆಗೂ ದಿನಾ ಸಂಜೆ ಕಲ್ಲನ್ನು ಕೂರಿಸಿಕೊಂಡು ಡೈರಿಯವರೆಗೆ ಹೋಗಿ ಬರುತ್ತಿದ್ದೆ. ಜಗಲಿಯ ಮೇಲೆ ಕೂತವರಿಗೆ ಒಳ್ಳೆಯ ಮೋಜು. ಗುಂಡಪ್ಪ ಹೆಂಗವ್ನೆ, ಹಾಲು ಕುಡಿದ್ನಾ, ಅಪ್ಪನ ಥರಾನೇ ಅವ್ನೆ ಅನ್ನುತ್ತಿದ್ದರು. ಅನ್ನಲಿ. ಬೀದಿಯಲ್ಲಿ ಕೂತು ಹಲ್ಲು ಕಿಸಿಯುವುದು ಬಿಟ್ಟರೆ ಅವರಿಗೆ ಬೇರೆ ಉದ್ಯೋಗವಾದರೂ ಎಲ್ಲಿದೆ? ನಾನು ಬೀದಿಯ ಒಂದೊಂದು ಹಳ್ಳವನ್ನೂ ಕಲಿತುಕೊಂಡೆ.

ಹೆಣ್ಣುಮಗು ಹುಟ್ಟಿತು. ಮೂರು ತಿಂಗಳು ತುಂಬಿ ತವರಿನಿಂದ ವಾಪಸ್ಸು ಬಂದ ಮುಂದಿನ ವಾರವೇ ಲಸಿಕೆ ಹಾಕಿಸುವುದಿತ್ತು. ಅತ್ತೆ ಒಳ್ಳೆಯ ಸೀರೆ ಉಟ್ಟು ಹೊರಟು ನಿಂತಿದ್ದರು. ನೀವು ಬೇಡ ಅಂದೆ. ಗಂಡನಿಗೆ ರಜೆ ಬೇಡ ಅಂದೆ. ಅತ್ತೆ ಬಾಗಿಲಲ್ಲಿ ನಿಂತು, ನಾನು ತಿರುವು ದಾಟುವವರೆಗೂ ನೋಡುತ್ತಿದ್ದರು ಅಂತ ಆಮೇಲೆ ಪಕ್ಕದ ಮನೆಯವರು ಹೇಳಿದರು. ನಾನು ತಿರುಗಿ ನೋಡಲಿಲ್ಲ, ನೋಡಿದ್ದರೆ ಕಾಲು ತಪ್ಪುತ್ತಿತ್ತು. ಮಗಳು ಕಣ್ಣು ಅಗಲ ಮಾಡಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್ ನನ್ನ ಕಾಲು ನೋಡಿದಳು, ಗಾಡಿ ನೋಡಿದಳು, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ಜೊತೇಲಿ ಯಾರ್ ಬಂದಿದಾರಮ್ಮ?"

ಕಾಲೇಜಿಗೆ ಸೇರುವಾಗ ಇದನ್ನೇ ಕೇಳಿದ್ದರು. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಸ್ಕ್ಯಾನಿಂಗಿಗೆ ಹೋದಲ್ಲಿ, ನನ್ನ ಕಾಲು ಕಂಡವರೆಲ್ಲ ಮೊದಲು ಕೇಳುವುದು ಇದನ್ನೇ. ಪ್ರತಿ ಸಲವೂ ನಾನು ಕೈ ತೋರಿಸಿದ್ದೇನೆ, ಅಪ್ಪನ ಕಡೆ, ಅಣ್ಣನ ಕಡೆ, ಗಂಡನ ಕಡೆ.

"ಇವಳ ಜೊತೇಲಿ ನಾನ್ ಬಂದಿದೀನಿ," ಅಂದೆ.

ಸಿಸ್ಟರ್ ನನ್ನನ್ನು ಬೆಂಚಿನ ಮೇಲೆ ಕೂರಲು ಹೇಳಿ, ಮಗುವಿನ ತೊಡೆ ಅಲುಗದ ಹಾಗೆ ಹಿಡಿದುಕೊಳ್ಳಿ ಅಂದಳು. ಎರಡೂ ಕೈಯಲ್ಲಿ ಹಿಡಿದುಕೊಂಡೆ.